ಮೆದುಳಿನ ಗಡ್ಡೆಯ ಸ್ಕ್ಯಾನ್: ಯಾವ ಚಿತ್ರ ಏನು ಹೇಳುತ್ತದೆ?

ವೈದ್ಯರು ಚೀಟಿಯಲ್ಲಿ ‘ಎಂಆರ್‌ಐ ಬ್ರೈನ್ ವಿತ್ ಕಾಂಟ್ರಾಸ್ಟ್’ ಎಂದು ಬರೆದುಕೊಟ್ಟರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಏನೋ ದೊಡ್ಡದೇ ಇರಬೇಕು ಎಂಬ ಭಯ ಒಂದು ಕಡೆ. ಎಲ್ಲಿ ಮಾಡಿಸುವುದು, ಎಷ್ಟಾಗುತ್ತದೆ, ಕಾಂಟ್ರಾಸ್ಟ್ ಎಂದರೇನು, ಸಿಟಿ ಸ್ಕ್ಯಾನ್ ಆಗಿದೆಯಲ್ಲ ಮತ್ತೆ ಇದೇಕೆ ಎಂಬ ಪ್ರಶ್ನೆಗಳು ಇನ್ನೊಂದು ಕಡೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇವನ್ನೆಲ್ಲ ಬಿಡಿಸಿ ಹೇಳುವಷ್ಟು ಪುರುಸೊತ್ತು ವೈದ್ಯರಿಗೆ ಇರುವುದಿಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಂದು ಸ್ಕ್ಯಾನೂ ಒಂದೊಂದು ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಗಡ್ಡೆ ಇದೆಯೇ? ಎಲ್ಲಿದೆ? ಯಾವ ಜಾತಿಯದಿರಬಹುದು? ಪಕ್ಕದಲ್ಲಿ ಏನಿದೆ? ನಿಮ್ಮ ವೈದ್ಯರು ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಮೆದುಳಿನಲ್ಲಿ ಕಾಣುವ ಗಡ್ಡೆಗಳಲ್ಲಿ ಎರಡು ಬಗೆ. ಶ್ವಾಸಕೋಶ, ಸ್ತನದಂಥ ಬೇರೆ ಅಂಗದ ಕ್ಯಾನ್ಸರ್ ರಕ್ತದ ಮೂಲಕ ಬಂದು ಮೆದುಳಿನಲ್ಲಿ ಬೇರೂರಿದ್ದರೆ ಅದು ಸೆಕೆಂಡರಿ. ಮೆದುಳಿನಲ್ಲೋ, ಅದರ ಹೊದಿಕೆಯಲ್ಲೋ, ಅಲ್ಲಿಂದ ಹೊರಡುವ ನರಗಳಲ್ಲೋ ಹುಟ್ಟಿದ್ದರೆ ಪ್ರೈಮರಿ, ಅಂದರೆ ಅಲ್ಲಿಯದೇ ಗಡ್ಡೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿಂದ ಬರುವುದು ಗ್ಲಿಯೋಮ. ಹೊದಿಕೆಯಿಂದ ಬರುವುದು ಮೆನಿಂಜಿಯೋಮ. ಕಿವಿಯ ನರದ ಮೇಲೆ ಬೆಳೆಯುವುದು ಶ್ವಾನೋಮ. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲೂ ಗಡ್ಡೆಗಳು ಬರುತ್ತವೆ. ಮಕ್ಕಳಲ್ಲಿ ಮೆದುಳಿನ ಗಡ್ಡೆಗಳು ಹಿಂದಲೆಯ ಭಾಗದಲ್ಲಿ, ಅಂದರೆ ಕಿರುಮೆದುಳಿನ ಸುತ್ತಮುತ್ತ, ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಪ್ರೈಮರಿ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಮೆನಿಂಜಿಯೋಮಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವ ಸೌಮ್ಯ ಗಡ್ಡೆಗಳು. ಹಾಗೆಂದು ಸೌಮ್ಯ ಎಂದ ಕೂಡಲೇ ಸುಮ್ಮನಿರುವಂತೆಯೂ ಇಲ್ಲ. ತಲೆಬುರುಡೆಯೊಳಗೆ ಹೆಚ್ಚಿನ ಜಾಗವಿಲ್ಲ. ಅಲ್ಲಿ ಗಡ್ಡೆಯ ಜಾತಿಯಷ್ಟೇ ಅದು ಕೂತಿರುವ ಜಾಗವೂ ಮುಖ್ಯ.

ತಲೆನೋವು ಬಂದವರೆಲ್ಲ ಸ್ಕ್ಯಾನ್ ಮಾಡಿಸಬೇಕಿಲ್ಲ. ತಲೆನೋವುಗಳಲ್ಲಿ ಬಹುಪಾಲು ಗಡ್ಡೆಯಿಂದ ಬಂದವಲ್ಲ. ಆದರೆ ಕೆಲವು ಲಕ್ಷಣಗಳನ್ನು ಹಗುರವಾಗಿ ನೋಡಬಾರದು. ಹಿಂದೆಂದೂ ಇಲ್ಲದೆ, ದೊಡ್ಡವರಾದ ಮೇಲೆ ಮೊದಲ ಬಾರಿಗೆ ಬಂದ ಫಿಟ್ಸ್. ಬೆಳಗ್ಗೆ ಏಳುವಾಗ ಜೋರಾಗಿದ್ದು, ವಾಂತಿಯೊಂದಿಗೆ ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ತಲೆನೋವು. ಒಂದೇ ಕಡೆಯ ಕೈಕಾಲಿನ ಬಲ ಮೆಲ್ಲಗೆ ಕುಂದುವುದು, ಮಾತು ತಡವರಿಸುವುದು, ಒಂದೇ ಕಿವಿ ಮಂದವಾಗುತ್ತ ಹೋಗುವುದು, ಸ್ವಭಾವವೇ ಬದಲಾದಂತೆ ಮನೆಯವರಿಗೆ ಅನ್ನಿಸುವುದು. ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಕಣ್ಣಿನ ವೈದ್ಯರಿಗೆ. ಕನ್ನಡಕ ಬದಲಾಯಿಸಲು ಹೋದವರ ಕಣ್ಣಿನ ಹಿಂಭಾಗವನ್ನು ನೋಡುವಾಗ ದೃಷ್ಟಿನರದ ತುದಿ ಊದಿಕೊಂಡಿರುವುದು ಕಾಣುತ್ತದೆ. ತಲೆಯೊಳಗಿನ ಒತ್ತಡ ಹೆಚ್ಚಿದೆ ಎಂಬುದಕ್ಕೆ ಅದು ಗುರುತು. ಅವರು ‘ತಕ್ಷಣ ನ್ಯೂರೋ ವೈದ್ಯರನ್ನು ನೋಡಿ’ ಎಂದರೆ ತಡ ಮಾಡಬೇಡಿ.

ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪಿಟ್ಯುಟರಿ ಗಡ್ಡೆಯಲ್ಲಿ ಹಾರ್ಮೋನು ಪರೀಕ್ಷೆ ನೆರವಾಗುತ್ತದೆ, ಇನ್ನು ಕೆಲವು ಅಪರೂಪದ ಗಡ್ಡೆಗಳಿಗೂ ರಕ್ತದಲ್ಲಿ ಗುರುತು ಸಿಗುತ್ತದೆ. ಉಳಿದಂತೆ ಮೆದುಳಿನ ಪ್ರೈಮರಿ ಗಡ್ಡೆಯನ್ನು ಹಿಡಿಯುವ ಸಾಮಾನ್ಯ ರಕ್ತಪರೀಕ್ಷೆ ಇಲ್ಲ. ‘ಇಇಜಿ ನಾರ್ಮಲ್ ಬಂದಿದೆ’ ಎಂದು ನಿಶ್ಚಿಂತರಾಗುವವರೂ ಇದ್ದಾರೆ. ಇಇಜಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತದೆ. ಅದಕ್ಕೆ ಗಡ್ಡೆ ಕಾಣುವುದಿಲ್ಲ. ಗಡ್ಡೆಯನ್ನು ನೋಡಬೇಕಾದರೆ ಸ್ಕ್ಯಾನೇ ಬೇಕು.

ಮೊದಲು ಸಿಟಿ ಏಕೆ?

ಸಿಟಿ ಸ್ಕ್ಯಾನ್‌ಗೂ ಮೆದುಳಿನ ಗಡ್ಡೆಗೂ ಹುಟ್ಟಿನಿಂದಲೇ ನಂಟು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆಯಿತು. ಮುಂದಲೆಯಲ್ಲಿ ಗಡ್ಡೆ ಇರಬಹುದೆಂದು ವೈದ್ಯರು ಶಂಕಿಸಿದ್ದ ಮಹಿಳೆ ಆಕೆ. ಯಂತ್ರ ಕಟ್ಟಿದವರು ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1979ರಲ್ಲಿ ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಸಿಟಿ ಬರುವ ಮುಂಚೆ ತಲೆಯೊಳಗಿನ ಗಡ್ಡೆಯನ್ನು ನೇರವಾಗಿ ನೋಡುವ ದಾರಿ ಇರಲಿಲ್ಲ. ಮೆದುಳಿನ ಕುಹರಗಳಿಗೆ ಗಾಳಿ ತುಂಬಿಯೋ, ರಕ್ತನಾಳಕ್ಕೆ ಡೈ ಬಿಟ್ಟೋ ಎಕ್ಸ್‌ರೇ ತೆಗೆದು, ಏನು ಪಕ್ಕಕ್ಕೆ ಸರಿದಿದೆ ಎಂಬುದರ ಮೇಲೆ ಗಡ್ಡೆ ಎಲ್ಲಿದ್ದೀತೆಂದು ಅಂದಾಜು ಮಾಡಬೇಕಿತ್ತು. ಗಾಳಿ ತುಂಬಿಸಿಕೊಂಡ ರೋಗಿಗಳು ಪಡುತ್ತಿದ್ದ ತಲೆನೋವು, ವಾಂತಿಯನ್ನು ನೆನೆದರೆ ಇವತ್ತಿನ ಕೆಲವು ನಿಮಿಷದ ಸಿಟಿ ಎಷ್ಟು ದೊಡ್ಡ ಉಪಕಾರ ಎಂಬುದು ತಿಳಿಯುತ್ತದೆ.

ಸಿಟಿ ಯಂತ್ರ ತಲೆಯ ಸುತ್ತ ತಿರುಗುತ್ತ ಎಕ್ಸ್‌ರೇ ಹಾಯಿಸುತ್ತದೆ. ಎಲ್ಲ ದಿಕ್ಕಿನ ಲೆಕ್ಕವನ್ನು ಕಂಪ್ಯೂಟರ್ ಕೂಡಿಸಿ ತಲೆಯ ಅಡ್ಡಸೀಳಿನ ಚಿತ್ರಗಳನ್ನು ಕೊಡುತ್ತದೆ. ಮೂಳೆ ಬೆಳ್ಳಗೆ, ನೀರು ಕಪ್ಪಗೆ, ಮೆದುಳು ಬೂದು ಬಣ್ಣದಲ್ಲಿ ಕಾಣುತ್ತದೆ. ತುರ್ತುಚಿಕಿತ್ಸಾ ಘಟಕದಲ್ಲಿ ಮೊದಲು ಸಿಟಿ ಮಾಡಿಸಲು ಕಾರಣ ಅದರ ವೇಗ. ಫಿಟ್ಸ್ ಬಂದು ಪ್ರಜ್ಞೆ ತಪ್ಪಿದವರಲ್ಲಿ ರಕ್ತಸ್ರಾವ ಆಗಿದೆಯೇ, ಮೆದುಳಿನ ನೀರಿನ ದಾರಿ ಕಟ್ಟಿಕೊಂಡಿದೆಯೇ, ಏನಾದರೂ ಒತ್ತುತ್ತಿದೆಯೇ ಎಂಬುದನ್ನು ಅದು ಕೂಡಲೇ ತೋರಿಸುತ್ತದೆ. ಗಡ್ಡೆಯೊಳಗೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಕೂಡಿಕೊಂಡಿದ್ದರೆ ಅದನ್ನು ಎಂಆರ್‌ಐಗಿಂತ ಚೆನ್ನಾಗಿ ಹೇಳುತ್ತದೆ. ಆಲಿಗೊಡೆಂಡ್ರೊಗ್ಲಿಯೋಮ ಎಂಬ ಗ್ಲಿಯೋಮದಲ್ಲಿ ಈ ಸುಣ್ಣ ಸಾಮಾನ್ಯ. ಮೆನಿಂಜಿಯೋಮದ ಪಕ್ಕದ ಮೂಳೆ ದಪ್ಪಗಾಗಿರುವುದೂ ಸಿಟಿಯಲ್ಲಿ ಸ್ಪಷ್ಟ.

ಹಾಗಾದರೆ ಸಿಟಿ ನಾರ್ಮಲ್ ಬಂದರೆ ಗಡ್ಡೆ ಇಲ್ಲವೆಂದು ಅರ್ಥವೇ? ಇಲ್ಲ. ದೊಡ್ಡ ಗಡ್ಡೆ ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಚಿಕ್ಕದು, ಸುತ್ತಲೂ ಊತವಿಲ್ಲದ್ದು, ನಿಧಾನಗತಿಯ ಗ್ಲಿಯೋಮ, ದಪ್ಪ ಮೂಳೆಗಳ ನಡುವಿನ ಹಿಂದಲೆಯಲ್ಲಿ ಅಡಗಿರುವುದು, ಇವು ಸಿಟಿಯ ಕಣ್ಣಿಗೆ ಬೀಳದೇ ಹೋಗಬಹುದು. ಲಕ್ಷಣಗಳು ಮುಂದುವರಿದಿದ್ದರೆ ‘ಸಿಟಿ ಸರಿ ಇತ್ತಲ್ಲ’ ಎಂದು ಕೂರಬೇಡಿ. ವಿಕಿರಣದ ಚಿಂತೆಯೂ ಹಲವರಿಗಿದೆ. ತಲೆಯ ಒಂದು ಸಿಟಿಯಿಂದ ಸುಮಾರು 2 ಮಿಲಿಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆ ಸಹಜವಾಗಿ ಒಂದು ವರ್ಷದಲ್ಲಿ ಬರುವುದೂ ಹೆಚ್ಚುಕಮ್ಮಿ ಅಷ್ಟೇ. ಅಗತ್ಯವಿದ್ದಾಗ ಹೆದರುವಂಥದ್ದಲ್ಲ. ಆದರೆ ಮಕ್ಕಳಿಗೆ ಸುಮ್ಮಸುಮ್ಮನೆ ಪದೇಪದೇ ಮಾಡಿಸುವಂಥದ್ದೂ ಅಲ್ಲ.

ಎಂಆರ್‌ಐ ಒಳಗೆ ಏನಾಗುತ್ತದೆ?

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಇರುವುದು ದೊಡ್ಡ ಅಯಸ್ಕಾಂತ. ಅದರ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಹೇಳುತ್ತಾರೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿರುವ 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು. ನಮ್ಮ ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೋಜನ್ ಪರಮಾಣುಗಳ ಕೇಂದ್ರದ ಪ್ರೋಟಾನ್‌ಗಳು ಒಂದೊಂದೂ ಪುಟ್ಟ ಅಯಸ್ಕಾಂತವಿದ್ದಂತೆ. ಯಂತ್ರದೊಳಗೆ ಅವು ಬುಗುರಿಗಳ ಹಾಗೆ ಒಂದೇ ಅಕ್ಷದ ಸುತ್ತ ಓಲಾಡುತ್ತ ತಿರುಗುತ್ತವೆ. ರೇಡಿಯೋ ತರಂಗದ ಒಂದು ಸಣ್ಣ ತಳ್ಳು ಕೊಟ್ಟರೆ ವಾಲುತ್ತವೆ, ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳುವಾಗ ಹೊರಬೀಳುವ ಸಣ್ಣ ಸಂಕೇತವನ್ನು ತಲೆಯ ಸುತ್ತ ತೊಡಿಸಿದ ಕಾಯಿಲ್ ಹಿಡಿದುಕೊಳ್ಳುತ್ತದೆ. ನೀರಿನಲ್ಲಿ ಒಂದು ವೇಗ, ಕೊಬ್ಬಿನಲ್ಲಿ ಇನ್ನೊಂದು, ಗಡ್ಡೆಯಲ್ಲಿ ಮತ್ತೊಂದು. ಈ ವ್ಯತ್ಯಾಸವೇ ಚಿತ್ರವಾಗುತ್ತದೆ. ಇದನ್ನು ಚಿತ್ರವಾಗಿಸುವ ದಾರಿ ತೋರಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಸಿಕ್ಕಿತು.

ಒಂದೇ ಸಲ ಮಲಗಿದಾಗ ಯಂತ್ರ ಹಲವು ಬಗೆಯ ಚಿತ್ರ ತೆಗೆಯುತ್ತದೆ. ಒಂದೊಂದು ಬಗೆಗೂ ಸೀಕ್ವೆನ್ಸ್ ಎಂದು ಹೆಸರು. ಟಿ1 ಚಿತ್ರದಲ್ಲಿ ಮೆದುಳಿನ ಸುತ್ತಲಿನ ನೀರು ಕಪ್ಪು, ಮೆದುಳಿನ ರಚನೆ ಸ್ಪಷ್ಟ. ಟಿ2 ಚಿತ್ರದಲ್ಲಿ ನೀರೆಲ್ಲ ಬೆಳ್ಳಗೆ. ಇಲ್ಲೊಂದು ತೊಡಕಿದೆ. ಗಡ್ಡೆಯ ಸುತ್ತಲಿನ ಊತವೂ ನೀರೇ ಆದ್ದರಿಂದ ಅದೂ ಬೆಳ್ಳಗೆ ಕಂಡು, ಪಕ್ಕದ ಸಹಜ ನೀರಿನೊಂದಿಗೆ ಬೆರೆತುಹೋಗುತ್ತದೆ. ಅದಕ್ಕಾಗಿ ಫ್ಲೇರ್ ಎಂಬ ಸೀಕ್ವೆನ್ಸ್ ಇದೆ. ಅದು ಸಹಜ ನೀರನ್ನು ಮಾತ್ರ ಕಪ್ಪಾಗಿಸಿ, ಊತವನ್ನು ಬೆಳ್ಳಗೆ ಉಳಿಸುತ್ತದೆ. ಸಂಶಯದ ಜಾಗವನ್ನು ಹುಡುಕಲು ರೇಡಿಯಾಲಜಿಸ್ಟ್‌ಗಳು ಮೊದಲು ಕಣ್ಣಾಡಿಸುವ ಚಿತ್ರಗಳಲ್ಲಿ ಇದೊಂದು. ಡಿಫ್ಯೂಷನ್ ಚಿತ್ರ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂದು ಹೇಳುತ್ತದೆ. ಕೋಶಗಳು ಕಿಕ್ಕಿರಿದ ಗಡ್ಡೆಯಲ್ಲಿ, ಕೀವು ತುಂಬಿದ ಬಾವಿನಲ್ಲಿ, ಹೊಸ ಪಾರ್ಶ್ವವಾಯುವಿನಲ್ಲಿ ಆ ಓಡಾಟ ತಗ್ಗಿರುತ್ತದೆ. ಇನ್ನೊಂದು ಸೀಕ್ವೆನ್ಸ್ ಹಳೆಯ ರಕ್ತದ ಕಲೆಯನ್ನೂ ಸುಣ್ಣವನ್ನೂ ಹಿಡಿಯುತ್ತದೆ.

ಕಾಂಟ್ರಾಸ್ಟ್ ಎಂದರೆ ರಕ್ತನಾಳಕ್ಕೆ ಕೊಡುವ ಔಷಧಿ. ಎಂಆರ್‌ಐಯಲ್ಲಿ ಬಳಸುವುದು ಗ್ಯಾಡೊಲಿನಿಯಂ ಎಂಬ ಲೋಹವಿರುವ ದ್ರವ. ಸಿಟಿಯಲ್ಲಿ ಬಳಸುವುದು ಅಯೋಡಿನ್ ಇರುವುದು. ಎರಡೂ ಬೇರೆ ಬೇರೆ. ಆರೋಗ್ಯವಂತ ಮೆದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ, ರಕ್ತದಲ್ಲಿರುವುದನ್ನೆಲ್ಲ ಒಳಗೆ ಬಿಡುವುದಿಲ್ಲ. ಗಡ್ಡೆ ಕಟ್ಟಿಕೊಂಡ ಹೊಸ ನಾಳಗಳಲ್ಲಿ ಆ ಬಿಗಿ ಇರುವುದಿಲ್ಲ, ಔಷಧಿ ಸೋರುತ್ತದೆ, ಆ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ರಿಪೋರ್ಟಿನಲ್ಲಿ ‘ಎನ್‌ಹ್ಯಾನ್ಸ್‌ಮೆಂಟ್’ ಎಂದು ಬರೆಯುವುದು ಈ ಹೊಳಪಿಗೇ. ಹೊಳೆದದ್ದೆಲ್ಲ ಕ್ಯಾನ್ಸರ್ ಎಂದುಕೊಳ್ಳಬೇಡಿ. ಸೌಮ್ಯವಾದ ಮೆನಿಂಜಿಯೋಮ ಇಡಿಯಾಗಿ ಹೊಳೆಯುತ್ತದೆ, ಏಕೆಂದರೆ ಅದು ಹುಟ್ಟಿದ ಹೊದಿಕೆಯ ನಾಳಗಳಿಗೆ ಆ ಬಿಗಿ ಮೊದಲಿನಿಂದಲೂ ಇಲ್ಲ. ನಿಧಾನಗತಿಯ ಗ್ಲಿಯೋಮಗಳಲ್ಲಿ ಹಲವು ಹೊಳೆಯುವುದೇ ಇಲ್ಲ. ಅದಕ್ಕೇ ಕಾಂಟ್ರಾಸ್ಟ್ ಕೊಡುವ ಮೊದಲಿನ ಚಿತ್ರ, ಕೊಟ್ಟ ನಂತರದ ಚಿತ್ರ ಎರಡೂ ಬೇಕು. ಗಡ್ಡೆಯ ಸಂಶಯವಿರುವಾಗ ಹಣ ಉಳಿಸಲೆಂದು ‘ಪ್ಲೇನ್ ಸಾಕು’ ಎನ್ನಬೇಡಿ. ಬಹಳಷ್ಟು ಮಂದಿ ಮತ್ತೆ ಬಂದು ಎರಡನೇ ಸಲ ದುಡ್ಡು ಕಟ್ಟುವಂತಾಗುವುದು ಇಲ್ಲೇ.

ಗ್ಯಾಡೊಲಿನಿಯಂ ಮೂತ್ರದಲ್ಲಿ ಹೊರಹೋಗುವುದರಿಂದ ಕಿಡ್ನಿಯ ಸ್ಥಿತಿ ತಿಳಿದಿರಬೇಕು. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಕೇಳುತ್ತಾರೆ. ಇತ್ತೀಚಿನ ರಿಪೋರ್ಟ್ ಇದ್ದರೆ ಒಯ್ಯಿರಿ. ಅಲರ್ಜಿ ಅಪರೂಪ, ಆದರೂ ಹಿಂದೆ ಯಾವುದೇ ಡೈಗೆ ತುರಿಕೆ, ಉಬ್ಬಸ ಆಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಗ್ಯಾಡೊಲಿನಿಯಂ ಕೊಡುವುದಿಲ್ಲ. ಬರೀ ಎಂಆರ್‌ಐ ಮಾಡಬಹುದು.

ಸ್ಕ್ಯಾನ್ ದಿನ

ಅಯಸ್ಕಾಂತವನ್ನು ದೀಪದಂತೆ ಆರಿಸಿಡುವಂತಿಲ್ಲ, ರಾತ್ರಿಯೂ ಅದು ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಬಾಗಿಲಲ್ಲಿ ಅಷ್ಟು ಕಟ್ಟುನಿಟ್ಟು. ಆಕ್ಸಿಜನ್ ಸಿಲಿಂಡರ್, ಕಬ್ಬಿಣದ ಗಾಲಿಕುರ್ಚಿ ಒಳಗೆ ಬಂದರೆ ಯಂತ್ರದತ್ತ ಹಾರಿಹೋಗಿ ಪ್ರಾಣಕ್ಕೇ ಅಪಾಯ. ಸಿಬ್ಬಂದಿ ಒಂದು ಪಟ್ಟಿ ಓದಿ ಕೇಳುತ್ತಾರೆ. ಪೇಸ್‌ಮೇಕರ್ ಇದೆಯೇ? ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ? ಕಿವಿಯೊಳಗೆ ಯಂತ್ರ ಅಳವಡಿಸಿದ್ದಾರೆಯೇ? ಲೇತ್ ಅಥವಾ ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತೇ? ಈ ಕೊನೆಯ ಪ್ರಶ್ನೆಯನ್ನು ಹಲವರು ಹಗುರವಾಗಿ ತಳ್ಳಿಹಾಕುತ್ತಾರೆ. ದಯವಿಟ್ಟು ನೆನಪು ಮಾಡಿಕೊಂಡು ಉತ್ತರಿಸಿ. ಪೇಸ್‌ಮೇಕರ್ ಇದ್ದವರಿಗೆಲ್ಲ ಎಂಆರ್‌ಐ ಆಗುವುದೇ ಇಲ್ಲವೆಂದಲ್ಲ, ಹೊಸ ಬಗೆಯ ಕೆಲವಕ್ಕೆ ತೊಂದರೆಯಿಲ್ಲ. ಅದರ ಕಾರ್ಡ್ ತಂದು ತೋರಿಸಬೇಕು.

ಹೆಂಗಸರ ಕರಿಮಣಿ, ಬಳೆ, ಕಾಲುಂಗುರ, ಮೂಗುಬೊಟ್ಟು, ಹೇರ್‌ಪಿನ್, ಸೆರಗಿಗೆ ಸಿಕ್ಕಿಸಿದ ಪಿನ್ನು, ಗಂಡಸರ ಉಡಿದಾರದ ತಾಯಿತ, ಬೆಲ್ಟು, ಹಲ್ಲಿನ ಸೆಟ್ಟು ಎಲ್ಲವೂ ಹೊರಗೆ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಒಡವೆಯ ಕೊಂಡಿ, ತಂತಿಗಳಲ್ಲಿ ಬೇರೆ ಲೋಹ ಇರಬಹುದು, ತಲೆಯ ಹತ್ತಿರವಿದ್ದರೆ ಚಿತ್ರವೂ ಕೆಡುತ್ತದೆ. ತಾಳಿ ತೆಗೆಯಲು ಮನಸ್ಸು ಒಪ್ಪದೆ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಕಣ್ಣೀರಿಡುವ ಅಜ್ಜಿಯರಿದ್ದಾರೆ. ಮನೆಯಲ್ಲೇ ಸಮಾಧಾನವಾಗಿ ಹೇಳಿ, ಅರಿಸಿನದ ಕೊಂಬು ಕಟ್ಟಿದ ನೂಲಿನ ದಾರ ಹಾಕಿಸಿ ಕರೆತಂದರೆ ಆ ಸಂಕಟ ತಪ್ಪುತ್ತದೆ. ದಾರಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಮಲಗಿಸಿ, ಕಿವಿಗೆ ಹತ್ತಿಯನ್ನೋ ಇಯರ್‌ಪ್ಲಗ್ಗನ್ನೋ ಇಟ್ಟು, ಮುಖದ ಮೇಲೆ ಪಂಜರದಂಥ ಕಾಯಿಲ್ ಮುಚ್ಚುತ್ತಾರೆ. ಕೈಗೆ ಒಂದು ರಬ್ಬರ್ ಉಂಡೆ ಕೊಡುತ್ತಾರೆ. ಭಯವಾದರೆ ಅದನ್ನು ಹಿಸುಕಿದರೆ ಸಾಕು, ಹೊರಗೆ ಕೂತವರಿಗೆ ಸದ್ದು ಕೇಳುತ್ತದೆ. ಮಂಚ ಒಳಗೆ ಸರಿಯುತ್ತದೆ. ಸ್ವಲ್ಪ ಹೊತ್ತು ಟಕಟಕ, ಆಮೇಲೆ ಗುಂಯ್‌ಗುಡುವ ಸದ್ದು, ಮತ್ತೆ ನಿಶ್ಶಬ್ದ, ಮತ್ತೆ ಬಡಿತ. ಸದ್ದು ಬದಲಾದರೆ ಇನ್ನೊಂದು ಸೀಕ್ವೆನ್ಸ್ ಶುರುವಾಯಿತೆಂದು ತಿಳಿಯಿರಿ. ಕಾಂಟ್ರಾಸ್ಟ್ ಸೇರಿ 30ರಿಂದ 45 ನಿಮಿಷ ಹಿಡಿಯುತ್ತದೆ. ಕಾಂಟ್ರಾಸ್ಟ್ ಹೋಗುವಾಗ ತೋಳಿನಲ್ಲಿ ತಣ್ಣಗಾಗಬಹುದು. ತಲೆ ಅಲ್ಲಾಡಿಸಬಾರದು, ಕೆಮ್ಮು ಬಂದರೆ ಸದ್ದು ನಿಂತಾಗ ಕೆಮ್ಮಿ. ಕಣ್ಣನ್ನು ಒಳಗೆ ಹೋಗುವ ಮುಂಚೆಯೇ ಮುಚ್ಚಿಕೊಂಡು, ಹೊರಗೆ ಬರುವವರೆಗೆ ತೆರೆಯದಿದ್ದರೆ ಇಕ್ಕಟ್ಟಿನ ಭಯ ಕಡಿಮೆ. ಚಿಕ್ಕ ಮಕ್ಕಳಿಗೆ ನಿದ್ದೆಯ ಔಷಧಿ ಅಥವಾ ಅರಿವಳಿಕೆ ಬೇಕಾಗುತ್ತದೆ. ಎಷ್ಟು ಗಂಟೆಯಿಂದ ಹಾಲು, ಊಟ ನಿಲ್ಲಿಸಬೇಕೆಂದು ಅರಿವಳಿಕೆ ತಜ್ಞರು ಹೇಳಿದ್ದನ್ನು ಅಜ್ಜಿ, ದೊಡ್ಡಮ್ಮಂದಿರಿಗೂ ತಿಳಿಸಿಡಿ. ಅಳುವ ಮಗುವಿಗೆ ಯಾರೋ ಒಂದು ಬಿಸ್ಕತ್ತು ಕೊಟ್ಟರೆ ಅವತ್ತಿನ ಸರದಿ ಹೋದಂತೆಯೇ.

ಚಿತ್ರವನ್ನು ಓದುವುದು ಹೇಗೆ?

ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವಾಗ ಒಂದು ನೆನಪಿಡಿ. ರೋಗಿಯ ಪಾದದ ಕಡೆ ನಿಂತು ನೋಡಿದಂತೆ ಚಿತ್ರವನ್ನು ಜೋಡಿಸಿರುತ್ತಾರೆ. ಹಾಗಾಗಿ ನಿಮ್ಮ ಬಲಕ್ಕೆ ಕಾಣುವುದು ರೋಗಿಯ ಎಡಭಾಗ. ಅಂಚಿನಲ್ಲಿ ಬಲ, ಎಡದ ಗುರುತಿನ ಅಕ್ಷರ ಇರುತ್ತದೆ.

ರಿಪೋರ್ಟಿನಲ್ಲಿ ಬರುವ ‘ಎಸ್‌ಒಎಲ್’ ಅಥವಾ ‘ಐಸಿಎಸ್‌ಒಎಲ್’ ಎಂಬ ಪದ ಕಂಡು ಕುಸಿಯುವವರು ಬಹಳ. ತಲೆಯೊಳಗೆ ಜಾಗ ಹಿಡಿದಿರುವ ಏನೋ ಒಂದು ಎಂದಷ್ಟೇ ಅದರ ಅರ್ಥ. ಅದು ಗಡ್ಡೆಯೂ ಇರಬಹುದು, ಕೀವೂ ಇರಬಹುದು, ಹುಳುವಿನ ಚೀಲವೂ ಇರಬಹುದು. ‘ಇಂಟ್ರಾ ಆಕ್ಸಿಯಲ್’ ಎಂದರೆ ಮೆದುಳಿನ ಒಳಗಿನದು. ‘ಎಕ್ಸ್‌ಟ್ರಾ ಆಕ್ಸಿಯಲ್’ ಎಂದರೆ ಮೆದುಳಿನ ಹೊರಗಿದ್ದು ಒಳಕ್ಕೆ ಒತ್ತುತ್ತಿರುವುದು. ಈ ಒಂದು ಪದದಿಂದಲೇ ಸಾಧ್ಯತೆಗಳ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಹೊರಗಿನದಾಗಿದ್ದು ಇಡಿಯಾಗಿ ಹೊಳೆಯುತ್ತ, ಹೊದಿಕೆಯ ಗುಂಟ ಬಾಲದಂತೆ ಚಾಚಿದ್ದರೆ ಮೆನಿಂಜಿಯೋಮದ ಕಡೆ ಬೆರಳು. ‘ಎಡಿಮಾ’ ಎಂದರೆ ಊತ. ‘ಮಾಸ್ ಎಫೆಕ್ಟ್’ ಎಂದರೆ ಒತ್ತಡದಿಂದ ಅಕ್ಕಪಕ್ಕದ ಭಾಗ ಸರಿದಿರುವುದು. ‘ಮಿಡ್‌ಲೈನ್ ಶಿಫ್ಟ್’ ಎಂದು ಬರೆದು ಮಿಲಿಮೀಟರಿನ ಅಂಕಿ ಕೊಟ್ಟಿದ್ದರೆ ಮೆದುಳಿನ ನಡುಗೆರೆಯೇ ಅಷ್ಟು ಪಕ್ಕಕ್ಕೆ ಹೋಗಿದೆ ಎಂದರ್ಥ. ‘ಹೈಡ್ರೋಕೆಫಲಸ್’ ಎಂದರೆ ನೀರು ಕಟ್ಟಿಕೊಂಡಿರುವುದು. ಈ ಕೊನೆಯ ಎರಡರಲ್ಲಿ ಯಾವುದಿದ್ದರೂ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ರಿಪೋರ್ಟ್ ಹಿಡಿದು ಅವತ್ತೇ ವೈದ್ಯರನ್ನು ನೋಡಿ.

ಅಂಚು ಒರಟಾದ ಉಂಗುರದಂತೆ ಹೊಳೆದು, ನಡುವೆ ಸತ್ತ ಅಂಗಾಂಶದ ಕಪ್ಪು, ಸುತ್ತ ಅಗಲವಾದ ಊತ ಇದ್ದರೆ ಗ್ಲಿಯೋಬ್ಲಾಸ್ಟೋಮದ ಸಂಶಯ ಬರುತ್ತದೆ. ಅದು ಗ್ಲಿಯೋಮಗಳಲ್ಲೇ ಅತಿ ವೇಗದ್ದು. ಆದರೆ ಉಂಗುರ ಕಂಡಕೂಡಲೇ ಗಡ್ಡೆ ಎನ್ನುವುದು ನಮ್ಮ ದೇಶದಲ್ಲಿ ದೊಡ್ಡ ತಪ್ಪಾಗುತ್ತದೆ. ಕ್ಷಯರೋಗ ಮೆದುಳಿಗೆ ಬಂದು ಕಟ್ಟುವ ಟ್ಯುಬರ್ಕ್ಯುಲೋಮವೂ ಉಂಗುರವಾಗಿ ಹೊಳೆಯುತ್ತದೆ. ಲಾಡಿಹುಳುವಿನ ಮರಿಗಳು ಮೆದುಳು ಸೇರಿ ಆಗುವ ನ್ಯೂರೋಸಿಸ್ಟಿಸರ್ಕೋಸಿಸ್ ಸಹ ಹಾಗೆಯೇ. ಹುಳುವಿನ ಮೊಟ್ಟೆ ಸೇರಿದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ ಇದು ಬರುವುದರಿಂದ ಮಾಂಸ ಮುಟ್ಟದವರಿಗೂ ತಪ್ಪಿದ್ದಲ್ಲ. ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದ ಎಷ್ಟೋ ಯುವಕರಲ್ಲಿ ಕಾಣುವುದು ಇಂಥ ಒಂದೇ ಒಂದು ಚಿಕ್ಕ ಉಂಗುರ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ, 20 ಮಿ.ಮೀ. ಮೀರದ, ತಲೆಯ ಒತ್ತಡ ಹೆಚ್ಚಿಸದ, ಕೈಕಾಲಿನ ಬಲ ಕುಂದಿಸದ ಇಂಥ ಉಂಗುರವನ್ನು ಶಸ್ತ್ರಚಿಕಿತ್ಸೆ ಇಲ್ಲದೆ ಗುರುತಿಸುವ ಮಾನದಂಡಗಳನ್ನು ಕೊಟ್ಟರು. ಫಿಟ್ಸ್‌ನ ಮಾತ್ರೆ ಕೊಟ್ಟು ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದರೆ ಹಲವರಲ್ಲಿ ಅದು ತಾನಾಗಿ ಕರಗಿರುತ್ತದೆ. ಅದೆಷ್ಟೋ ಜನರ ತಲೆಬುರುಡೆ ತೆರೆಯುವುದನ್ನು ಈ ತಿಳಿವಳಿಕೆ ತಪ್ಪಿಸಿದೆ.

ಇವುಗಳ ನಡುವೆ ವ್ಯತ್ಯಾಸ ಮಾಡಲು ಎಂಆರ್‌ಐಗೆ ಕೆಲವು ಉಪಾಯಗಳಿವೆ. ಉಂಗುರದೊಳಗೆ ಚುಕ್ಕೆಯಂತೆ ಹುಳುವಿನ ತಲೆ ಕಂಡರೆ ಬೇರೆ ಪುರಾವೆಯೇ ಬೇಡ. ಉಂಗುರದ ಒಳಭಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗಿದ್ದರೆ ಕೀವಿನ ಕಡೆ ಒಲವು. ಸ್ಪೆಕ್ಟ್ರೋಸ್ಕೋಪಿ ಎಂಬ ಪರೀಕ್ಷೆ ಆ ಜಾಗದ ರಾಸಾಯನಿಕಗಳನ್ನು ಸೂಜಿ ಚುಚ್ಚದೆಯೇ ಅಳೆಯುತ್ತದೆ. ಗಡ್ಡೆಯಲ್ಲಿ ಕೋಲಿನ್ ಏರಿ, ಆರೋಗ್ಯವಂತ ನರಕೋಶದ ಗುರುತಾದ ಎನ್‌ಎಎ ಇಳಿದಿರುತ್ತದೆ. ಟ್ಯುಬರ್ಕ್ಯುಲೋಮದಲ್ಲಿ ಕೊಬ್ಬಿನ ಅಂಶದ ಗೆರೆ ಎದ್ದು ಕಾಣುತ್ತದೆ. ಪರ್ಫ್ಯೂಷನ್ ಎಂಬುದು ರಕ್ತದ ಹರಿವನ್ನು ಅಳೆಯುತ್ತದೆ, ಉಗ್ರ ಗಡ್ಡೆಯಲ್ಲಿ ಅದು ಹೆಚ್ಚು. ಇಷ್ಟಾದರೂ ಹುಳುವಿನ ತಲೆ ಕಂಡದ್ದನ್ನು ಬಿಟ್ಟರೆ ಉಳಿದ ಯಾವುದೂ ನೂರಕ್ಕೆ ನೂರು ಖಚಿತವಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ಬೇಕಾಗುವ ಇನ್ನೆರಡು ಪರೀಕ್ಷೆಗಳಿವೆ. ಟ್ರ್ಯಾಕ್ಟೋಗ್ರಫಿಯಲ್ಲಿ ಕೈಕಾಲಿಗೆ ಹೋಗುವ ನರತಂತುಗಳ ದಾರಿ ಬಣ್ಣಬಣ್ಣವಾಗಿ ಕಾಣುತ್ತದೆ. ಫಂಕ್ಷನಲ್ ಎಂಆರ್‌ಐಯಲ್ಲಿ ರೋಗಿ ಬೆರಳು ಆಡಿಸುವಾಗ, ಪದ ನೆನೆಯುವಾಗ ಮೆದುಳಿನ ಯಾವ ಭಾಗ ಎಚ್ಚರಗೊಳ್ಳುತ್ತದೆ ಎಂದು ತಿಳಿಯುತ್ತದೆ. ಸರ್ಜನ್ ಎಲ್ಲಿಂದ ಒಳಹೊಕ್ಕರೆ ಮಾತು, ನಡಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಲು ಇವು ಬೇಕು. ಎಲ್ಲರಿಗೂ ಬೇಕಾಗುವುದಿಲ್ಲ. ಪೆಟ್ ಸ್ಕ್ಯಾನ್ ಅಂತೂ ಮೊದಲ ಹೆಜ್ಜೆಯಲ್ಲವೇ ಅಲ್ಲ. ಅದರಲ್ಲಿ ಸಾಮಾನ್ಯವಾಗಿ ಬಳಸುವುದು ವಿಕಿರಣ ಸೂಸುವ ಸಕ್ಕರೆ. ಆರೋಗ್ಯವಂತ ಮೆದುಳೇ ಸಕ್ಕರೆಯನ್ನು ಧಾರಾಳವಾಗಿ ಉಣ್ಣುವುದರಿಂದ ಗಡ್ಡೆ ಎದ್ದು ಕಾಣುವುದಿಲ್ಲ. ಅಮೈನೊ ಆಮ್ಲದ ಗುರುತುದ್ರವ್ಯ ಬಳಸುವ ಪೆಟ್ ಮೆದುಳಿಗೆ ಮೇಲು, ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ. ಸೆಕೆಂಡರಿ ಇರಬಹುದೆಂಬ ಸಂಶಯವಿದ್ದರೆ ಎದೆ, ಹೊಟ್ಟೆಯ ಸಿಟಿ ಅಥವಾ ದೇಹದ ಪೆಟ್ ಬರೆದುಕೊಡುವುದುಂಟು.

ಕೊನೆಯ ಮಾತು ಬಯಾಪ್ಸಿಯದು

ಎಷ್ಟೇ ಒಳ್ಳೆಯ ಎಂಆರ್‌ಐ ಕೊಡುವುದೂ ಬಲವಾದ ಊಹೆಯನ್ನೇ. ಹೆಸರು ಖಚಿತವಾಗುವುದು ಅಂಗಾಂಶದ ಚೂರನ್ನು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಡಿ ನೋಡಿದಾಗ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಅದೂ ಸಾಲದು. ಐಡಿಎಚ್ ಎಂಬ ವಂಶವಾಹಿ ಬದಲಾಗಿದೆಯೇ, 1ಪಿ, 19ಕ್ಯೂ ಎಂಬ ವರ್ಣತಂತುವಿನ ತುಣುಕುಗಳು ಕಳೆದುಹೋಗಿವೆಯೇ ಎಂದು ನೋಡಿಯೇ ಗ್ಲಿಯೋಮಕ್ಕೆ ಹೆಸರಿಡುತ್ತಾರೆ. 1ರಿಂದ 4ರವರೆಗಿನ ಗ್ರೇಡ್ ಅದರ ಉಗ್ರತೆಯ ಅಳತೆ. ಗಡ್ಡೆ ಆಳದಲ್ಲಿದ್ದು ಪೂರ್ತಿ ತೆಗೆಯಲಾಗದಿದ್ದರೆ, ಸ್ಕ್ಯಾನಿನ ಲೆಕ್ಕ ಹಿಡಿದು ತಲೆಗೆ ಚೌಕಟ್ಟು ಕಟ್ಟಿ ಸಣ್ಣ ರಂಧ್ರದಿಂದ ಸೂಜಿ ಇಳಿಸುತ್ತಾರೆ. ಇದು ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿ. ‘ಸೂಜಿ ಹಾಕಿದರೆ ಗಡ್ಡೆ ಕೆರಳಿ ಹರಡುತ್ತದೆ’ ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ಕಳೆದುಕೊಳ್ಳುವವರನ್ನು ನೆನೆದರೆ ಸಂಕಟವಾಗುತ್ತದೆ. ಮೆದುಳಿನ ಪ್ರೈಮರಿ ಗಡ್ಡೆ ದೇಹದ ಬೇರೆಡೆಗೆ ಹರಡುವುದೇ ಅಪರೂಪ. ಬಯಾಪ್ಸಿಯ ನಿಜವಾದ ಅಪಾಯ ರಕ್ತಸ್ರಾವ. ಅದೂ ಕೆಲವೇ ಕೆಲವರಲ್ಲಿ. ಎಲ್ಲರಿಗೂ ಕೂಡಲೇ ಬಯಾಪ್ಸಿ ಬೇಕೆಂದೂ ಇಲ್ಲ. ಚಿಕ್ಕ ಮೆನಿಂಜಿಯೋಮವನ್ನು ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿ ನೋಡುತ್ತ ಇರುವುದೂ ಉಂಟು.

ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬಗ್ಗೆ ಒಂದು ಎಚ್ಚರ. ಅದು ತಲೆನೋವನ್ನು ಬೇಗ ತಗ್ಗಿಸುತ್ತದೆ, ಪ್ರಾಣವನ್ನೂ ಉಳಿಸುತ್ತದೆ. ಆದರೆ ಲಿಂಫೋಮ ಎಂಬ ಜಾತಿಯ ಗಡ್ಡೆ ಸ್ಟೀರಾಯ್ಡ್ ಬಿದ್ದೊಡನೆ ಕರಗಿದಂತೆ ಕಂಡು, ಬಯಾಪ್ಸಿಗೆ ಸಿಗದೆ ಹೋಗಬಹುದು. ಆದ್ದರಿಂದ ಯಾವ ದಿನದಿಂದ, ಯಾವ ಮಾತ್ರೆ ಶುರುವಾಯಿತು ಎಂಬುದನ್ನು ಹೊಸ ವೈದ್ಯರಿಗೆ ತಪ್ಪದೆ ಹೇಳಿ.

ಖರ್ಚು, ಜಾಗ, ಕಾಗದಪತ್ರ

ದರ ಊರಿನಿಂದ ಊರಿಗೆ, ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಅಂದಾಜು ಹೇಳುವುದಾದರೆ ಖಾಸಗಿ ಕೇಂದ್ರಗಳಲ್ಲಿ ತಲೆಯ ಸಿಟಿಗೆ 1,500ರಿಂದ 4,000 ರೂಪಾಯಿ, ಎಂಆರ್‌ಐಗೆ 5,000ದಿಂದ 10,000, ಕಾಂಟ್ರಾಸ್ಟ್‌ಗೆ ಮೇಲೆ ಎರಡು ಮೂರು ಸಾವಿರ. ಸ್ಪೆಕ್ಟ್ರೋಸ್ಕೋಪಿ, ಪರ್ಫ್ಯೂಷನ್ ಸೇರಿದರೆ ಇನ್ನೂ ಹೆಚ್ಚು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಇದಕ್ಕಿಂತ ಜಾಸ್ತಿಯೇ. ಪೆಟ್ ಸಿಟಿಗೆ 10,000ದಿಂದ ಮೇಲಕ್ಕೆ. ಬೆಲೆ ಕೇಳುವಾಗ ಕಾಂಟ್ರಾಸ್ಟ್, ಫಿಲ್ಮ್, ಸಿಡಿ ಸೇರಿ ಎಷ್ಟು ಎಂದೇ ಕೇಳಿ. ಯಂತ್ರ ಎಷ್ಟು ಟೆಸ್ಲಾ ಎಂದೂ ವಿಚಾರಿಸಿ. ಗಡ್ಡೆ ಪತ್ತೆಗೆ 1.5 ಸಾಕು, 3 ಇದ್ದರೆ ಇನ್ನೂ ಸೂಕ್ಷ್ಮ. ಎರಡೂ ಕಡೆ ತೆರೆದಿರುವ ಕಡಿಮೆ ಬಲದ ಯಂತ್ರಗಳಲ್ಲಿ ವಿವರ ಕಡಿಮೆ. ಇಕ್ಕಟ್ಟು ಸಹಿಸಲಾಗದವರಿಗೆ ಮಾತ್ರ ಅವು.

ನರರೋಗಕ್ಕೆಂದೇ ಇರುವ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಟಿ, ಎಂಆರ್‌ಐ, ಬಯಾಪ್ಸಿ, ಶಸ್ತ್ರಚಿಕಿತ್ಸೆ ಒಂದೇ ಆವರಣದಲ್ಲಿ, ಖಾಸಗಿಗಿಂತ ಕಡಿಮೆ ದರದಲ್ಲಿ ಸಿಗುತ್ತವೆ. ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ಸರದಿ ಮಾತ್ರ ಉದ್ದ. ಹೊರಗೆ ಮಾಡಿಸಿದ ಒಳ್ಳೆಯ ಸ್ಕ್ಯಾನ್ ಕೈಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಪಿಎಂಎಸ್‌ಎಸ್‌ವೈ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲೂ ನ್ಯೂರೋಸರ್ಜರಿ ವಿಭಾಗವಿದೆ. ಕರಾವಳಿಯವರಿಗೆ ಮಣಿಪಾಲ, ಮಂಗಳೂರು, ಉತ್ತರದವರಿಗೆ ಹುಬ್ಬಳ್ಳಿ, ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರ. ಎಷ್ಟೋ ಜಿಲ್ಲಾಸ್ಪತ್ರೆಗಳಲ್ಲಿ ಸಿಟಿ ಇದೆ, ಕೆಲವಲ್ಲಿ ಎಂಆರ್‌ಐ ಕೂಡ ಇದೆ. ಮೊದಲು ಅಲ್ಲಿ ವಿಚಾರಿಸಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷದ ಮಿತಿ 1.5 ಲಕ್ಷ. ಇದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸಿದ ಸ್ಕ್ಯಾನಿನ ದುಡ್ಡು ಅದರಲ್ಲಿ ಸೇರದೇ ಇರಬಹುದು. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಸ್ಕ್ಯಾನಿಗೆ ಹಣ ಕಟ್ಟುವ ಮುಂಚೆಯೇ ಕಂಡು, ರೇಷನ್ ಕಾರ್ಡ್, ಆಧಾರ್ ತೋರಿಸಿ ಕೇಳಿ.

ಸ್ಕ್ಯಾನ್ ಆದ ಮೇಲೆ ರಿಪೋರ್ಟ್, ಫಿಲ್ಮ್ ಅಷ್ಟೇ ಅಲ್ಲ, ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳು ಮಾತ್ರ ಇರುತ್ತವೆ, ಸಿಡಿಯಲ್ಲಿ ಅಷ್ಟೂ ಇರುತ್ತವೆ. ಸರ್ಜನ್‌ಗೆ ಬೇಕಾಗುವುದು ಅದೇ. ಮೊಬೈಲಿನಲ್ಲಿ ಫಿಲ್ಮಿನ ಫೋಟೊ ತೆಗೆದು ಕಳಿಸಿ ಅಭಿಪ್ರಾಯ ಕೇಳಬೇಡಿ, ಅದರಲ್ಲಿ ಸೂಕ್ಷ್ಮಗಳು ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಯಾದರೆ 72 ಗಂಟೆಯೊಳಗೆ ಮತ್ತೊಂದು ಎಂಆರ್‌ಐ ಮಾಡಿಸುವುದುಂಟು. ತಡವಾದರೆ ಗಾಯ ಮಾಗುವಾಗಿನ ಹೊಳಪು ಯಾವುದು, ಉಳಿದ ಗಡ್ಡೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲೂ ಗಡ್ಡೆ ಬೆಳೆದಂತೆ ಸುಳ್ಳುನೋಟ ಕಾಣಬಹುದು. ಆಗ ವೈದ್ಯರು ಹಳೆಯ ಚಿತ್ರಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹಾಗಾಗಿ ಮೊದಲ ಸಿಟಿಯಿಂದ ಹಿಡಿದು ಪ್ರತಿ ಸಿಡಿಯ ಮೇಲೂ ತಾರೀಖು ಬರೆದು, ಒಂದೇ ಚೀಲದಲ್ಲಿ ಹಾಕಿ, ಪ್ರತಿ ಭೇಟಿಗೂ ಒಯ್ಯಿರಿ.